ಬ್ರೇಕ್ ಹಿಡಿಯಲಿಲ್ಲ

ಹೆಂಡತಿ ಆ ದೊಡ್ಡ ಹಾಳೆಯನ್ನು ಊಟದ ಮೇಜಿನ ಮೇಲೆ ಹರಡಿ, ಮೂಲೆಗಳು ಮೇಲೇಳದಂತೆ ನಾಲ್ಕು ಕಡೆ ನಾಲ್ಕು ಲೋಟ ಇಟ್ಟಿದ್ದಳು. ಮೂರು ವಾರದಿಂದ ಭಾನುವಾರದ ಕಾಫಿ ಮುಗಿಯುವುದೇ ತಡ, ಈ ಹಾಳೆ ಹೊರಗೆ ಬರುತ್ತಿತ್ತು. ಹತ್ತೊಂಬತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟ ಕೈ ಅವಳದು. ಸ್ಕೇಲಿಲ್ಲದೆ ಎಳೆದ ಗೀಟು ಕೂಡ ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ. ಕೊನೆಗೆ ಉಳಿದಿದ್ದವು ಎರಡೇ ಎರಡು ಕಾರು, ಮಿಕ್ಕವನ್ನೆಲ್ಲ ಅವಳು ದಾಕ್ಷಿಣ್ಯವಿಲ್ಲದೆ ಹೊಡೆದುಹಾಕಿದ್ದಳು. ಎರಡೂ ಭಾರಿ ಎಸ್‌ಯುವಿಗಳು, ಅವರಂಥವರು ಜೀವಮಾನದಲ್ಲಿ ಒಂದು ಸಲ ಕೊಳ್ಳುವಂಥವು. ಪುಸ್ತಿಕೆಯಲ್ಲಿನ ಬಣ್ಣ ನೋಡಿ ಮನೆಯೊಳಗೆ ಅವಕ್ಕೆ ಬಿಳಿಯದು, ನೀಲಿಯದು ಎಂದು ಹೆಸರು ಬಿದ್ದಿತ್ತು. ಐದು ವರ್ಷದಲ್ಲಿ ಎಷ್ಟು ಸಲ ವರ್ಕ್‌ಶಾಪಿಗೆ ಹೋಗುತ್ತದೆ, ದಾರಿಯಲ್ಲಿ ಕೈಕೊಟ್ಟ ಕಾರುಗಳು ನೂರಕ್ಕೆ ಎಷ್ಟು, ನೆಲದಿಂದ ಸೀಟು ಎಷ್ಟು ಎತ್ತರ, ಹೀಗೆ ಕಾಲಮ್ಮುಗಳು. ಬಿಳಿಯದು ಎಲ್ಲದರಲ್ಲೂ ಪಾಸಾಗಿತ್ತು, ನೀಲಿಯದರ ಸಾಲಿನಲ್ಲಿ ಕೆಂಪು ಶಾಯಿಯೇ ಹೆಚ್ಚು. ಎಲ್ಲಕ್ಕಿಂತ ಕೊನೆಗೆ ಒಂದು ಕಿರಿದಾದ ಕಾಲಮ್ಮು ಇತ್ತು, 'ಓಡಿಸುವ ಖುಷಿ' ಎಂದು. ಅದನ್ನು ಅವಳು ಗಂಡನಿಗಾಗಿಯೇ ಎಳೆದಿದ್ದಳು. ಇದೊಂದು ನಿಮ್ಮ ಇಲಾಖೆ, ನಾನು ತಲೆಹಾಕುವುದಿಲ್ಲ, ನೀವೇ ತುಂಬಿ ಎಂದು ಮೊದಲ ವಾರ ಪೆನ್ನು ಕೊಟ್ಟಿದ್ದಳು. ಮೂರನೆಯ ವಾರಕ್ಕೂ ಆ ಕಾಲಮ್ಮಿನ ಎರಡು ಮನೆ ಖಾಲಿ ಇದ್ದವು. ಅವನಿಗೆ ಪೆನ್ನು ಹಿಡಿಯಲು ಕೈ ಬರುತ್ತಿರಲಿಲ್ಲ.

ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಎಡಗಾಲು ನೆಲ ಮುಟ್ಟುವ ಮುಂಚೆ ಚೂರು ತಡೆಯುತ್ತದೆ, ಆಮೇಲೆ ಮುಟ್ಟುತ್ತದೆ. ಆ ತಡೆಯನ್ನು ಅವನು ಆರು ವರ್ಷದಿಂದ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡಿದ್ದಾನೆ, ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೇಳಿಸಿಕೊಂಡಿದ್ದಾನೆ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೇಳಿಸದ ಹಾಗೆ ಮಾಡಿಕೊಂಡೂ ನೋಡಿದ್ದಾನೆ. ಸೊಂಟದ ಕೀಲಿನಲ್ಲಿ ಲೋಹದ ತುಂಡು. ತಗ್ಗಿನ ಕಾರಿನಲ್ಲಿ ಕೂರಲು ಅವಳು ಮೊದಲು ಬೆನ್ನು ತಿರುಗಿಸಿ, ಬಾಗಿಲು ಹಿಡಿದು, ಉಸಿರು ಬಿಗಿಹಿಡಿದು ಕುಸಿಯಬೇಕು. ಎತ್ತರದ ಸೀಟಾದರೆ ಜಾರಿ ಕೂತರಾಯಿತು. ಅದಕ್ಕೇ ಈ ದೊಡ್ಡ ಕಾರಿನ ಸಂಭ್ರಮ. ಅವಳ ಬಾಯಲ್ಲಿ ಈಗ ಒಂದೇ ಮಾತು: ನೋಡೋಕೆ ಹೇಗಾದ್ರೂ ಇರಲಿ, ನಂಬಿಕಸ್ಥ ಗಾಡಿ ಬೇಕು, ಇನ್ನೊಂದು ಸಲ ಬ್ರೇಕ್ ಹೋಗೋದು ಬೇಡ.

ಬ್ರೇಕ್ ಹೋಗಿರಲಿಲ್ಲ. ಇದು ಜಗತ್ತಿನಲ್ಲಿ ಅವನೊಬ್ಬನಿಗೆ ಗೊತ್ತು. ಅವತ್ತು ಅವಳ ಗೆಳತಿಯ ಮನೆಯಿಂದ ವಾಪಸ್ಸು ಬರುವಾಗ ಮಧ್ಯಾಹ್ನ ಮೂರೂವರೆ. ರಸ್ತೆ ನುಣ್ಣಗೆ, ಖಾಲಿ. ಮುಂದೆ ಬಲಕ್ಕೆ ಒಂದು ಚೆಂದದ ತಿರುವು. ಹಳೆಯ ಕಾರು, ಆದರೆ ಎಂಜಿನ್ನಿಗೆ ಇನ್ನೂ ಗುಂಡಿಗೆ ಇತ್ತು. ಆ ತಿರುವನ್ನು ನಿಧಾನ ಮಾಡದೆ ಒಂದೇ ಗೆರೆಯಲ್ಲಿ ದಾಟಬಹುದು ಎಂದು ಅವನಿಗೆ ಅನ್ನಿಸಿತ್ತು, ಅಷ್ಟೇ. ಕೋಪವಿರಲಿಲ್ಲ, ಅವಸರವಿರಲಿಲ್ಲ, ಕುಡಿದಿರಲಿಲ್ಲ. ಖುಷಿಗೆ ಆಕ್ಸಿಲರೇಟರ್ ತುಳಿದ. ಕಾರು ಎಡಕ್ಕೆ ಜಾರಿ ಸೇತುವೆಯ ಕಟ್ಟೆಗೆ ಅವಳಿದ್ದ ಮಗ್ಗುಲಿನಿಂದ ಹೋಗಿ ಅಪ್ಪಳಿಸಿತು. ಓಡಿಬಂದ ಲಾರಿ ಚಾಲಕ ಏನಾಯ್ತು ಸಾರ್ ಎಂದಾಗ ಅವನ ಬಾಯಿಂದ ಬಂದದ್ದು, "ಬ್ರೇಕ್ ಹಿಡೀಲಿಲ್ಲ." ಯೋಚಿಸಿ ಹೇಳಿದ್ದಲ್ಲ, ಕಾಲು ಎಡವಿದಾಗ ಅಮ್ಮಾ ಎನ್ನುವ ಹಾಗೆ ಬಂದುಬಿಟ್ಟಿತು. ಲಾರಿಯವನು ಅದನ್ನು ಪೊಲೀಸರಿಗೆ ಹೇಳಿದ, ಪೊಲೀಸರು ಬರೆದುಕೊಂಡರು, ಡಿಕ್ಕಿಯಲ್ಲಿ ಬ್ರೇಕಿನ ಪೈಪೇ ಹರಿದುಹೋಗಿದ್ದರಿಂದ ಪರೀಕ್ಷೆಗೆ ಬಂದ ಅಧಿಕಾರಿ ಏನೂ ಹೇಳಲಾಗದು ಎಂದು ಕೈತೊಳೆದುಕೊಂಡ. ಹೆಂಡತಿಗೆ ಆ ಗಳಿಗೆಯ ನೆನಪೇ ಇರಲಿಲ್ಲ. ಸುಳ್ಳು ಹೇಳಲು ಅವನು ಬೆವರು ಹರಿಸಬೇಕಾಗಿಯೇ ಬರಲಿಲ್ಲ.

ಹಾಗೆ ನೋಡಿದರೆ ಸುಳ್ಳು ಅವನ ಕಸುಬಿನಲ್ಲೇ ಇತ್ತು. ಹಲ್ಲಿನ ಡಾಕ್ಟರು; ದಿನಕ್ಕೆ ಹತ್ತು ಹನ್ನೆರಡು ಬಾಯಿಗಳೆದುರು ಬಗ್ಗಿ, ನೋವಾಗಲ್ಲ, ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ ಎನ್ನುತ್ತ, ಕೆಳಗೆ ಬಲಗಾಲಿನಿಂದ ಕೊರೆಯುವ ಯಂತ್ರದ ಪೆಡಲು ಒತ್ತುವವನು. ಎಷ್ಟು ಒತ್ತಿದರೆ ಎಷ್ಟು ತಿರುಗುತ್ತದೆ ಎನ್ನುವುದು ಆ ಪಾದಕ್ಕೆ ಗೊತ್ತು. ಎರಡು ಕ್ಲಿನಿಕ್ಕು ಆದವು, ಹೆಸರು ಬಂತು, ಕೈ ಹಗುರ ಎಂದು ಜನ ಹೊಗಳಿದರು. ಕಾಲಿನ ಸುದ್ದಿ ಯಾರೂ ಎತ್ತಲಿಲ್ಲ. ಅಪಘಾತವಾದ ಮೇಲೆ ಎಷ್ಟೋ ದಿನ ಪೆಡಲಿನ ಮೇಲೆ ಬಲಗಾಲು ಇಡುವಾಗ ಅವನ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು. ಒಂದು ವಾರ ಎಡಗಾಲಿನಿಂದ ಒತ್ತಿ ನೋಡಿದ. ಯಾರದೋ ದವಡೆಹಲ್ಲು ಬೇಕಾದ್ದಕ್ಕಿಂತ ಆಳಕ್ಕೆ ಕೊರೆದುಹೋದ ಮೇಲೆ ಅದನ್ನೂ ಬಿಟ್ಟ.

ಆದರೆ ಬ್ರೇಕ್ ಹಿಡಿಯಲಿಲ್ಲ ಎಂದ ಮೇಲೆ, ಆ ಬ್ರೇಕನ್ನು ಯಾರೋ ಒಬ್ಬರು ಸರಿಯಾಗಿ ಮಾಡಿರಲಿಲ್ಲ ಎಂದಾಯಿತಲ್ಲ. ಹಿಂದಿನ ದಿನವಷ್ಟೇ ಆ ಕಾರಿನ ಬ್ರೇಕ್ ಬಿಚ್ಚಿ, ಎಣ್ಣೆ ಬದಲಾಯಿಸಿ, ಪೈಪಿನೊಳಗಿನ ಗಾಳಿ ತೆಗೆದು ಕೊಟ್ಟಿದ್ದವನು ಭಾವ, ಹೆಂಡತಿಯ ಸ್ವಂತ ಅಣ್ಣ. ಮೂವತ್ತು ವರ್ಷದ ಗ್ಯಾರೇಜು ಅವನದು, ಬ್ರೇಕ್ ಎಂದರೆ ಅವನ ಹತ್ತಿರವೇ ಹೋಗಬೇಕು ಎನ್ನುತ್ತಿದ್ದರು. ಆಸ್ಪತ್ರೆಯ ಮೊಗಸಾಲೆಯಲ್ಲಿ ಭಾವ ಗೋಡೆಗೆ ಒರಗದೆ, ಕೂರದೆ, ಎಣ್ಣೆ ಮೆತ್ತಿದ ಅಂಗಿಯಲ್ಲೇ ನಿಂತಿದ್ದ. ಮಾತು ಅವನ ಕಿವಿಗೆ ಆಗಲೇ ಬಿದ್ದಿತ್ತು. ಆಗ ಇವನು ನಿಜ ಹೇಳಬಹುದಿತ್ತು. ಹೆಂಡತಿಯ ಆಪರೇಷನ್ ಮುಗಿಯಲಿ, ಹೇಳುತ್ತೇನೆ ಎಂದುಕೊಂಡ. ಮನೆಗೆ ಬರಲಿ ಎಂದುಕೊಂಡ. ಕೋಲು ಬಿಟ್ಟು ನಡೆಯಲಿ ಎಂದುಕೊಂಡ. ಅಷ್ಟರಲ್ಲಿ ಭಾವ ಬ್ರೇಕಿನ ಕೆಲಸ ಮುಟ್ಟುವುದು ಬಿಟ್ಟ, ಬ್ರೇಕ್ ಮುಟ್ಟದ ಮೆಕ್ಯಾನಿಕ್ಕನ ಹತ್ತಿರ ಯಾರು ಬರುತ್ತಾರೆ, ವರ್ಷ ತುಂಬುವುದರೊಳಗೆ ಗ್ಯಾರೇಜಿನ ಬಾಗಿಲು ಹಾಕಿ, ಬಿಡಿಭಾಗದ ಅಂಗಡಿಯೊಂದರಲ್ಲಿ ಕೌಂಟರಿನ ಹಿಂದೆ ಕೂತ. ಒಂದು ದಿನವೂ ತಂಗಿಯ ಮುಂದೆ ಆ ಮಾತೆತ್ತಲಿಲ್ಲ. ಮನೆಗೆ ಬಂದಾಗ ಚಪ್ಪಲಿ ಬಿಡುತ್ತ ಅವಳ ಎಡಗಾಲಿನ ಕಡೆ ಒಂದು ಸಲ ನೋಡುತ್ತಾನೆ, ಅಷ್ಟೇ.

ಇವತ್ತು ಕಾರು ನೋಡಲು ಅಣ್ಣನೂ ಬರಲಿ ಎಂದು ಅವಳೇ ಹಟ ಹಿಡಿದಿದ್ದಳು. ಎಷ್ಟಾದರೂ ತಿಳಿದವನು, ಶೋರೂಮಿನವರು ಬಣ್ಣದ ಮಾತಾಡಿದರೆ ಹಿಡಿಯುತ್ತಾನೆ ಎಂದು ಅವಳ ಲೆಕ್ಕಾಚಾರ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಗೇಟಿನ ಹೊರಗೇ ಕಾಯುತ್ತಿದ್ದ. ಇವನು ಆ ಇಸ್ತ್ರಿ ಅಂಗಿಯಿಂದ ಕಣ್ಣು ತಪ್ಪಿಸಿ ಗೇಟಿನ ಚಿಲಕ ಹಾಕಿದ.

ಬಿಳಿಯದರ ಶೋರೂಮು ಆಸ್ಪತ್ರೆಯಷ್ಟು ಚೊಕ್ಕಟವಾಗಿತ್ತು. ಮಾರಾಟದವನು ಬಂದವರಲ್ಲಿ ದುಡ್ಡು ಯಾರ ಜೇಬಿನಲ್ಲಿದೆ ಎಂದು ಒಂದೇ ನೋಟಕ್ಕೆ ಅಳೆದು, ಡಾಕ್ಟರಿಗೆ ಕುರ್ಚಿ ಎಳೆದು, ಹೆಂಡತಿಗೆ ನೀರು ತರಿಸಿ, ಭಾವನನ್ನು ಕಾರಿನ ಬಾಗಿಲು ತೆಗೆಯುವವನೆಂದು ತಿಳಿದು ಹಾಗೇ ಬಿಟ್ಟ. ಭಾವ ಬೇಸರ ಮಾಡಿಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗಾಜಿನ ಸಾಮಾನಿನ ಅಂಗಡಿಗೆ ಬಂದವರಂತೆ ಯಾವುದನ್ನೂ ಮುಟ್ಟದೆ ಕಾರಿನ ಸುತ್ತ ಒಂದು ಸುತ್ತು ಬಂದ. ಹೆಂಡತಿ ಮುಂದಿನ ಸೀಟಿಗೆ ಜಾರಿ ಕೂತು, ಇಳಿದು, ಮತ್ತೆ ಕೂತು, ಮುಖ ಅರಳಿಸಿದಳು. ಆ ನಗು ನೋಡಿ ಅವನಿಗೆ ನಿಜವಾಗಿಯೂ ಸಂತೋಷವಾಯಿತು, ಆ ಸಂತೋಷಕ್ಕೂ ತನಗೆ ಹಕ್ಕಿಲ್ಲ ಎಂದು ಕೂಡಲೇ ನೆನಪಾಯಿತು. ಓಡಿಸಿ ನೋಡಿದ್ದೂ ಆಯಿತು. ಒತ್ತಿದರೆ ಸ್ವಲ್ಪ ಯೋಚಿಸಿ, ಸರಿ ಹೋಗೋಣ ಎನ್ನುವಂಥ ಕಾರು. ತಿರುವಿನಲ್ಲಿ ತುಂಬಿದ ಕೊಡ ಹೊತ್ತವರ ಹಾಗೆ ಜೋಪಾನವಾಗಿ ತಿರುಗುತ್ತಿತ್ತು. ಇಪ್ಪತ್ತು ವರ್ಷ ಕಣ್ಣುಮುಚ್ಚಿ ಓಡಿಸಿ ಸಾರ್ ಎಂದ ಮಾರಾಟದವನು. ಇವನ ಬಲಗಾಲಿಗೆ ಮಾತ್ರ ಜೋಮು ಹಿಡಿದಂತಾಗಿತ್ತು. ತನಗೆ ಬೇಕಾದ ಶಿಕ್ಷೆ ಇದೇ, ಇದನ್ನೇ ಕೊಂಡು ಸಾಯುವ ತನಕ ಓಡಿಸಬೇಕು ಎಂದು ಅವನಿಗೆ ಒಳಗೊಳಗೇ ಒಂದು ಬಗೆಯ ಸಮಾಧಾನವೂ ಆಯಿತು.

ವಾಪಸ್ಸು ಬಂದು ಇಳಿಯುವಾಗ ಹೆಂಡತಿ, ಅಣ್ಣ, ಇದರ ಬ್ರೇಕ್ ಹೇಗಿದೆ ಒಂದು ಸಲ ನೋಡಿಬಿಡು, ನೀನು ಹೇಳಿದ್ರೆ ಇವತ್ತೇ ಬರೆಸಿಬಿಡ್ತೀವಿ ಎಂದಳು. ಭಾವ ನಕ್ಕ. "ಬ್ರೇಕ್ ನೋಡೋದು ಬಿಟ್ಟು ಆರು ವರ್ಷ ಆಯ್ತಲ್ಲಮ್ಮ," ಎಂದ. ಮಾತಿನಲ್ಲಿ ಕಹಿ ಇರಲಿಲ್ಲ, ವಯಸ್ಸಾದವರು ನನಗೆ ಕಣ್ಣು ಕಾಣಲ್ಲ ಎನ್ನುವ ಹಾಗೆ ಹೇಳಿದ. ಅವಳು ತುಟಿ ಕಚ್ಚಿಕೊಂಡು, ಕಾಗದ ಪತ್ರ ಕೇಳಿಕೊಂಡು ಬರುತ್ತೇನೆಂದು ಮಾರಾಟದವನ ಜೊತೆ ಒಳಗೆ ಹೋದಳು. ತಡೆದು ತಡೆದು ಬೀಳುವ ಆ ಎಡಗಾಲನ್ನು ಗಂಡಸರಿಬ್ಬರೂ ನೋಡುತ್ತ ನಿಂತರು. ಒಬ್ಬ ತಾನು ಮಾಡಿದ್ದೆಂದು ತಿಳಿದು ನೋಡುತ್ತಿದ್ದ, ಇನ್ನೊಬ್ಬ ತಾನು ಮಾಡದೆಯೇ ಹಾಗೆ ತಿಳಿದು ನೋಡುತ್ತಿದ್ದ. ಇವನಿಗೆ ಇನ್ನು ತಡೆಯಲಾಗಲಿಲ್ಲ.

"ಭಾವ, ಅವತ್ತು ಬ್ರೇಕ್ ಹೋಗಿರ್ಲಿಲ್ಲ."

ಭಾವ ತಿರುಗಿ ನೋಡಿದ.

"ನಾನು ಬ್ರೇಕ್ ತುಳಿಯಲೇ ಇಲ್ಲ. ತಿರುವಿನಲ್ಲಿ ಸ್ಪೀಡ್ ಜಾಸ್ತಿ ಮಾಡಿದೆ. ಸುಮ್ನೆ, ಮಜಾ ಅನ್ನಿಸ್ತು ಅಂತ. ನಿಮ್ಮ ಕೆಲಸದಲ್ಲಿ ಏನೂ ತಪ್ಪಿರ್ಲಿಲ್ಲ."

ಆರು ವರ್ಷ ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿದ್ದ ಮಾತು ಇಷ್ಟು ಚಿಕ್ಕದೇ ಎಂದು ಅವನಿಗೆ ಆಶ್ಚರ್ಯವಾಯಿತು. ಕಪಾಳಕ್ಕೆ ಬೀಳಬಹುದು ಎಂದು ಮೈ ಬಿಗಿಹಿಡಿದು ನಿಂತ. ಬಿದ್ದಿದ್ದರೆ ಎಷ್ಟು ಒಳ್ಳೆಯದಿತ್ತು. ಭಾವ ಹತ್ತಿರ ಬಂದು ಅವನ ತೋಳನ್ನು ಮೆಲ್ಲಗೆ ಹಿಡಿದುಕೊಂಡ. ಕಣ್ಣಲ್ಲಿ ನೀರು ತುಂಬಿತ್ತು.

"ಡಾಕ್ಟ್ರೇ, ನಿಮ್ಮಂಥವರು ಸಿಗೋದು ನನ್ನ ತಂಗಿ ಪುಣ್ಯ. ನನ್ನ ಮನಸ್ಸು ಹಗುರ ಆಗ್ಲಿ ಅಂತ ಹೇಳ್ತಾ ಇದ್ದೀರಿ, ನಂಗೆ ಅರ್ಥ ಆಗುತ್ತೆ. ಆದ್ರೆ ಆ ಸ್ಕ್ರೂ ನನಗೆ ನೆನಪಿದೆಯಲ್ಲ."

ಯಾವ ಸ್ಕ್ರೂ ಎಂದು ಕೇಳುವಷ್ಟರಲ್ಲಿ ಭಾವ ಹೇಳತೊಡಗಿದ್ದ. ಎಡಗಡೆ ಮುಂದಿನ ಚಕ್ರ. ಗಾಳಿ ತೆಗೆದು, ಎಣ್ಣೆ ಸೋರದ ಹಾಗೆ ಸ್ಕ್ರೂ ಬಿಗಿ ಮಾಡುತ್ತಿದ್ದೆ. ಇನ್ನು ಕಾಲು ಸುತ್ತು ಬಾಕಿ ಇತ್ತು, ಆಗ ಫೋನು ಬಂತು. ಸ್ಪ್ಯಾನರು ಕೆಳಗಿಟ್ಟು ಹೋದೆ, ವಾಪಸ್ಸು ಬಂದವನು ಚಕ್ರ ಹಾಕಿಬಿಟ್ಟೆ. ಮೊದಮೊದಲು ಇದು ನೆನಪಿರಲಿಲ್ಲವಂತೆ. ಎರಡು ಮೂರು ತಿಂಗಳು ದಿನಾ ಆ ಮಧ್ಯಾಹ್ನವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲಿ ಬಿಚ್ಚಿ ಬಿಚ್ಚಿ ಜೋಡಿಸಿದ ಮೇಲೆ ಒಂದು ದಿನ ಫಕ್ಕನೆ ಹೊಳೆಯಿತಂತೆ. ಈಗ ಕಣ್ಣು ಮುಚ್ಚಿದರೆ ಆ ಸ್ಪ್ಯಾನರು ನೆಲದ ಮೇಲೆ ಯಾವ ಕಡೆ ತಿರುಗಿ ಬಿದ್ದಿತ್ತು ಎನ್ನುವುದೂ ಕಾಣುತ್ತದಂತೆ. ಇವನು ಕೇಳುತ್ತ ತಣ್ಣಗಾದ. ತಾನು ಬಾಯಿತಪ್ಪಿ ಆಡಿದ ಒಂದು ಮಾತು ಇನ್ನೊಬ್ಬನ ತಲೆಯೊಳಗೆ ಹೊಕ್ಕು, ಅಲ್ಲಿ ತನಗೆ ಬೇಕಾದ ಸಾಕ್ಷಿಯನ್ನು ತಾನೇ ಹುಟ್ಟಿಸಿಕೊಂಡಿತ್ತು. ಇಲ್ಲ ಭಾವ, ಸ್ಕ್ರೂ ಸರಿಯಾಗೇ ಇತ್ತು, ನಾನು ನಿಜ ಹೇಳ್ತಿದ್ದೀನಿ ಎಂದು ಇನ್ನೂ ಎರಡು ಸಲ ಹೇಳಿದ. ಹೇಳಿದಷ್ಟೂ ಭಾವನ ಮುಖದಲ್ಲಿ ಗೌರವ ಹೆಚ್ಚುತ್ತ ಹೋಯಿತು. ನಾಲ್ಕನೆಯ ಸಲ ಹೇಳಲಿಲ್ಲ. ಹೇಳಿಯಾಯಿತಲ್ಲ, ನಂಬದಿದ್ದರೆ ನಾನೇನು ಮಾಡಲಿ ಎಂದು ಒಳಗಿನಿಂದ ಯಾವುದೋ ಒಂದು ನೀಚ ಪ್ರಾಣಿ ಮೈಮುರಿದು ಎದ್ದಿತು. ಅದಕ್ಕೆ ಹಾಯೆನಿಸಿದ್ದು ಅವನಿಗೆ ಗೊತ್ತಾಯಿತು, ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅನಾಹುತ ಅಲ್ಲಿಗೇ ಮುಗಿಯಲಿಲ್ಲ. ಹೆಂಡತಿ ಹೊರಗೆ ಬರುತ್ತಲೇ ಭಾವ ಅವಳನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿಬಿಟ್ಟ. ನಿನ್ನ ಗಂಡ ದೊಡ್ಡ ಮನುಷ್ಯ ಕಣಮ್ಮ, ತಪ್ಪನ್ನು ತನ್ನ ಮೈಮೇಲೆ ಎಳ್ಕೊಳ್ತಾ ಇದ್ದಾರೆ, ಬ್ರೇಕೇ ತುಳಿಯಲಿಲ್ಲ ಅಂತಾರೆ. ಅವಳು ಗಂಡನ ಕಡೆ ನೋಡಿದ ನೋಟವನ್ನು ಅವನು ಎದುರಿಸಲಾರದೆ ಬಿಳಿ ಕಾರಿನ ಕನ್ನಡಿಯಲ್ಲಿ ಏನೋ ಹುಡುಕುವವನಂತೆ ಬಗ್ಗಿದ. ಪ್ರೀತಿ ಇತ್ತು ಆ ನೋಟದಲ್ಲಿ. ಭಾವ ಆ ಹುರುಪಿನಲ್ಲೇ, ಜೀವನಪೂರ್ತಿ ನಮ್ಮ ಅನುಕೂಲ ನೋಡಿದವರಿಗೆ ಒಂದು ಆಸೆಯೂ ಬೇಡವಾ, ನೀಲಿಯದನ್ನೂ ಒಂದು ಸಲ ಓಡಿಸಿ ನೋಡಲಿ, ಇಷ್ಟವಾದರೆ ಅದನ್ನೇ ತೆಗೆದುಕೊಳ್ಳಿ, ಕೆಟ್ಟರೆ ಬಿಡಿಭಾಗ ನಮ್ಮ ಅಂಗಡಿಯಿಂದ ನಾನು ತರಿಸಿಕೊಡುತ್ತೇನೆ ಎಂದು ಪಟ್ಟು ಹಿಡಿದ. ಬೇಡ, ಬಿಳಿಯದೇ ಸಾಕು ಎಂದು ಇವನು ಮೂರು ಸಲ ಹೇಳಿದ. ಅದೂ ತ್ಯಾಗದ ಲೆಕ್ಕಕ್ಕೇ ಜಮೆಯಾಯಿತು. ಅವಳು ಚೀಲದಿಂದ ಹಾಳೆ ತೆಗೆದು ಮಡಿಕೆ ಬಿಚ್ಚಿ, ಆ ಖಾಲಿ ಕಾಲಮ್ಮು ಇವತ್ತು ತುಂಬಲೇಬೇಕು ಎಂದು ನಕ್ಕಳು.

ನೀಲಿಯದರ ಶೋರೂಮಿನಲ್ಲಿ ಚಹಾ ಕೂಡ ಕಪ್ಪು ಬಟ್ಟಲಲ್ಲಿ ಕೊಟ್ಟರು. ಮಾರಾಟದವಳು ಕಾರಿನ ಗುಣಗಾನ ಮಾಡಲಿಲ್ಲ. ಓಡಿಸಿ ಸರ್, ಆಮೇಲೆ ಮಾತಾಡೋಣ ಎಂದು ಕೀಲಿ ಕೊಟ್ಟಳು. ಅವಳೂ ಭಾವನೂ ಹಿಂದೆ ಕೂತರು, ಹೆಂಡತಿ ಮುಂದೆ. ಸ್ಟೀರಿಂಗು ಹಿಡಿದ ಕೂಡಲೇ ಅಂಗೈಯಿಂದ ಏನೋ ಭುಜದವರೆಗೆ ಹತ್ತಿತು. ಎಷ್ಟು ಭಾರದ ಕಾರು, ಹೂವೆತ್ತಿದಂತೆ ತಿರುಗಿತು. ಪೇಟೆಯ ರಸ್ತೆ ದಾಟುವವರೆಗೆ ಅವನು ಮೈಯೆಲ್ಲ ಕಣ್ಣಾಗಿ ನಿಧಾನವಾಗಿ ನಡೆಸಿದ. ಹಿಂದಿನಿಂದ ಭಾವ, ಪರವಾಗಿಲ್ಲ ಡಾಕ್ಟ್ರೇ, ಒಂಚೂರು ತುಳೀರಿ, ನೋಡೋಣ ಎಂದ. ಹೆಂಡತಿಯೂ, ನನಗೇನೂ ಭಯ ಇಲ್ಲ ಎಂದಳು. ಊರ ಹೊರಗಿನ ರಸ್ತೆ ಎದುರಿಗೆ ತೆರೆದುಕೊಂಡಿತು, ಕಣ್ಣಿಗೆ ಕಾಣುವಷ್ಟು ದೂರವೂ ಖಾಲಿ. ತನ್ನನ್ನು ನಂಬದೆ ಕ್ಷಮಿಸಿದವನು ಹಿಂದೆ ಕೂತಿದ್ದಾನೆ, ನಂಬಿ ಸೊಂಟ ಮುರಿದುಕೊಂಡವಳು ಪಕ್ಕದಲ್ಲಿ ಕೂತಿದ್ದಾಳೆ, ಇವರಿಬ್ಬರ ಒಳ್ಳೆಯತನದಲ್ಲಿ ತನಗೆ ಉಸಿರು ಕಟ್ಟುತ್ತಿದೆ. ಆ ಕ್ಷಣ ಅವನು ಏಕೆ ತುಳಿದ ಎನ್ನುವುದು ಅವನಿಗೇ ತಿಳಿಯಲಿಲ್ಲ. ತೋರಿಸಲೆಂದು ತುಳಿದೆನೋ, ಆಸೆಗೆ ತುಳಿದೆನೋ. ಆಸೆ ಇತ್ತು, ಅದು ನಿಜ. ಕಾರು ಗುಡುಗಿ ಮುನ್ನುಗ್ಗಿತು. ಎಲ್ಲರ ಬೆನ್ನೂ ಸೀಟಿಗೆ ಒತ್ತಿಕೊಂಡಿತು. ರಸ್ತೆ ಬದಿಯ ಮರಗಳು ಒಂದೇ ಗೋಡೆಯಾದವು. ಅವನ ಎದೆಯಲ್ಲಿ, ಆರು ವರ್ಷದ ಪಾಪವೆಲ್ಲ ಗೊತ್ತಿದ್ದೂ, ಅದೇ ಹಾಳು ಖುಷಿ ಬುಗ್ಗೆಂದು ಎದ್ದಿತು. ಐದಾರು ಸೆಕೆಂಡು, ಅಷ್ಟೇ. ಆಮೇಲೆ ಬ್ರೇಕ್ ತುಳಿದು ಕಾರನ್ನು ರಸ್ತೆ ಪಕ್ಕಕ್ಕೆ ತಂದು ನಿಲ್ಲಿಸಿದ. ಕಾರು ಹೇಳಿದ ಕಡೆ ನಿಂತಿತು.

ಮಾರಾಟದವಳು ಹೇಗಿದೆ ಸರ್ ಎಂದಳು. ಹೆಂಡತಿ ಮುಂದೆ ನೋಡುತ್ತಿದ್ದಳು. ಒಂದು ಕೈಯನ್ನು ಬೆನ್ನ ಹಿಂದೆ ತೂರಿಸಿ ಸೀಟಿನ ಮೇಲೆ ಅಂಗೈ ಊರಿದ್ದಳು, ಅಲ್ಲಿ ಏನೋ ಬಿಸಿ ಇದೆಯೇನೋ ಎಂದು ಮುಟ್ಟಿ ನೋಡುವವರ ಹಾಗೆ.

"ಅವತ್ತು ಕನ್ನಡಕ ಹುಡುಕ್ತಾ ಬಗ್ಗಿದ್ದೆ," ಎಂದಳು, ತನಗೇ ಹೇಳಿಕೊಳ್ಳುವಂತೆ. "ಚೀಲದಲ್ಲಿ. ಯಾರೋ ಭುಜ ಹಿಡಿದು ಹಿಂದಕ್ಕೆ ತಳ್ಳಿದ ಹಾಗಾಯ್ತು. ಹೀಗೇ." ಆಮೇಲೆ ತಲೆ ತಿರುಗಿಸದೆಯೇ ಕೇಳಿದಳು, "ಅಣ್ಣ, ಬ್ರೇಕ್ ಹೋದ್ರೆ ಬೆನ್ನು ಸೀಟಿಗೆ ಒತ್ತುತ್ತಾ?"

ಇವನು ಸ್ಟೀರಿಂಗಿನ ಮೇಲಿದ್ದ ತನ್ನ ಎರಡು ಕೈಗಳನ್ನು ನೋಡುತ್ತ ಕೂತ. ಭಾವನ ಉಸಿರು ಕೇಳಿಸುತ್ತಿತ್ತು. ಮೂವತ್ತು ವರ್ಷ ಗಾಡಿಗಳ ಹೊಟ್ಟೆಯಡಿ ಮಲಗಿ ಕಲಿತದ್ದು ಒಂದು ಕಡೆ, ಆರು ವರ್ಷ ಹೊತ್ತ ಸ್ಕ್ರೂ ಇನ್ನೊಂದು ಕಡೆ, ಎರಡೂ ಆ ಉಸಿರಿನಲ್ಲಿ ಗುದ್ದಾಡುತ್ತಿದ್ದವು.

"ಇಲ್ಲಮ್ಮ," ಎಂದ ಭಾವ ಕೊನೆಗೆ. ದನಿ ಬೇರೆ ಯಾರದೋ ಆಗಿತ್ತು. "ಬ್ರೇಕ್ ಹೋದ್ರೆ ಗಾಡಿ ನಿಲ್ಲಲ್ಲ, ಅಷ್ಟೇ. ಬೆನ್ನು ಒತ್ತೋದು ಆಕ್ಸಿಲರೇಟರ್ ತುಳಿದ್ರೆ."

ನಾಲ್ಕನೆಯ ಸಲ ಹೇಳಲು ಹಿಂಜರಿದವನ ಮಾತನ್ನು ಇವರಿಬ್ಬರೂ ಇನ್ನು ಕೇಳುವುದೂ ಇಲ್ಲ ಎಂದು ಅವನಿಗೆ ಗೊತ್ತಾಯಿತು. ನಾನು ಹೇಳಿದ್ದೆನಲ್ಲ, ಬೆಳಿಗ್ಗೆಯೇ ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲಿಂದ ಹೊರಡಲಿಲ್ಲ. ಹೆಂಡತಿ ತನ್ನ ಬೆಲ್ಟನ್ನು ಸರಿಮಾಡಿಕೊಂಡಳು. ಅವಳ ಮುಖ, ತಪ್ಪು ಲೆಕ್ಕ ಬರೆದ ಹುಡುಗನ ಪುಸ್ತಕ ತಿದ್ದುವಾಗ ಇರುತ್ತಿದ್ದ ಹಾಗೆ, ಯಾವ ಕೋಪವೂ ಇಲ್ಲದೆ ಗಂಭೀರವಾಗಿತ್ತು.

"ಇಳೀರಿ," ಎಂದಳು. "ಅಣ್ಣ ಓಡಿಸ್ಲಿ."

ಅವನು ಇಳಿದ. ಭಾವನೂ ಇಳಿದು ಬಂದ. ಬಾಗಿಲ ಹತ್ತಿರ ಇಬ್ಬರೂ ಒಬ್ಬರಿಗೊಬ್ಬರು ಎದುರಾದರು. ಭಾವ ಅವನ ಮುಖ ನೋಡದೆ, ದಾರಿ ಬಿಡುವಷ್ಟು ಮಾತ್ರ ಸರಿದು, ಒಳಗೆ ಕೂತು ಸೀಟನ್ನು ತನ್ನ ಅಳತೆಗೆ ಮುಂದಕ್ಕೆ ಎಳೆದುಕೊಂಡ. ಇವನು ಹಿಂದೆ ಮಾರಾಟದವಳ ಪಕ್ಕ ಕೂತ. ಅವಳು ಏನೂ ತಿಳಿಯದೆ ಕಿಟಕಿಯಾಚೆ ನೋಡತೊಡಗಿದಳು. ಕಾರು ಮೆಲ್ಲಗೆ ಹೊರಟಿತು. ಭಾವ ಸ್ವಲ್ಪ ದೂರ ಹೋಗಿ ಬ್ರೇಕ್ ತುಳಿದ, ಮತ್ತೆ ಸ್ವಲ್ಪ ದೂರ ಹೋಗಿ ತುಳಿದ, ರಸ್ತೆಯಲ್ಲಿ ಅಡ್ಡ ಯಾರೂ ಇಲ್ಲದಿದ್ದರೂ ತುಳಿದ. ಮೂರನೆಯ ಸಲ ತುಳಿದಾಗ ಭಾವನ ಭುಜಗಳು ಅದುರಲು ಶುರುವಾದವು. ತಂಗಿ ಕೈ ಚಾಚಿ ಅಣ್ಣನ ಭುಜದ ಮೇಲೆ ಇಟ್ಟಳು, ಇಟ್ಟದ್ದನ್ನು ತೆಗೆಯಲಿಲ್ಲ. ಹೇಳಿದರೆ ಎದೆ ಹಗುರವಾಗುತ್ತದೆ ಎಂದು ಇವನು ಆರು ವರ್ಷ ನಂಬಿಕೊಂಡಿದ್ದ. ಹಗುರವಾಗಲಿಲ್ಲ. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ, ಅಷ್ಟೇ. ಅವನು ಬೆಲ್ಟು ಹಾಕಿಕೊಂಡು, ಎರಡು ಪಾದಗಳನ್ನೂ ಜೋಡಿಸಿಟ್ಟುಕೊಂಡು, ಮುಂದಿನ ಆ ಎರಡು ತಲೆಗಳನ್ನು ನೋಡುತ್ತ ಕೂತ. ಶೋರೂಮು ಬರುವವರೆಗೂ ಇಬ್ಬರಲ್ಲಿ ಒಬ್ಬರೂ ಹಿಂದಕ್ಕೆ ತಿರುಗಿ ನೋಡಲಿಲ್ಲ.